ಎರಡಿಂಚು ಕಡಿಮೆ ಹಿಡಿದ ಕುಪ್ಪಸ

ಸವಣೂರಿನ ಎಲೆತೋಟದಲ್ಲಿ ದುಡಿಯುವ ಫಕ್ಕೀರವ್ವನಿಗೆ ಒಬ್ಬಳೇ ಮಗಳು, ತನುಜಾ. ಹಿರೇಕೆರೂರಿನಿಂದ ಬೀಗರು ಬಂದು, ಅವಲಕ್ಕಿ ತಿಂದು, ಹುಡುಗಿಯನ್ನು ಒಪ್ಪಿದರು. ಲಗ್ನಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಚಪ್ಪಲಿ ಮೆಟ್ಟುವಾಗ ಬೀಗತಿ ಒಂದು ಮಾತು ಬಿಟ್ಟು ಹೋದಳು: "ಹುಡುಗಿ ಲಕ್ಷಣ ಅದಾಳವ್ವ. ಫೋಟೋದಾಗ ಚಂದ ಕಾಣಂಗ ಸ್ವಲ್ಪ ಮೈ ಇಳಿಸ್ರಿ, ಅಷ್ಟ."

ಆ ಮಾತು ಫಕ್ಕೀರವ್ವನ ಎದೆಯಲ್ಲಿ ಮುಳ್ಳಿನಂತೆ ಮುರಿದು ಕುಂತಿತು.

ಮದುವೆಯ ಕುಪ್ಪಸ ಹೊಲಿಯಲು ಕೊಟ್ಟಾಗ ಟೇಲರಿಗೆ ಮೆಲ್ಲಗೆ ಹೇಳಿದಳು, "ಎರಡಿಂಚು ಕಡಿಮಿ ಹಿಡೀಪಾ. ಅಷ್ಟರಾಗ ಇಳೀತಾಳ." ಹೊಲಿದು ಬಂದ ಕುಪ್ಪಸವನ್ನು ಅಡುಗೆಮನೆಯ ಗೂಟಕ್ಕೆ, ರೊಟ್ಟಿ ಬುಟ್ಟಿಯ ನೇರಕ್ಕೇ, ತೂಗುಹಾಕಿದಳು. ತನುಜಾ ಎರಡನೇ ರೊಟ್ಟಿಗೆ ಕೈ ಚಾಚಿದರೆ ಅವ್ವ ಏನೂ ಅನ್ನುತ್ತಿರಲಿಲ್ಲ. ಬರೀ ಗೂಟದ ಕಡೆ ನೋಡುತ್ತಿದ್ದಳು. ಚಾಚಿದ ಕೈ ಹಿಂದಕ್ಕೆ ಹೋಗುತ್ತಿತ್ತು.

ಓಣಿಯ ಆಶಾ ಕಾರ್ಯಕರ್ತೆ ಗುಲ್ನಾಜ ಒಂದು ದಿನ ಕೇಳಿದಳು, "ಫಕ್ಕೀರವ್ವಕ್ಕ, ತನುಜಾನ ಮುಖ ಯಾಕ ಬಿಳಿಚ್ಕೊಂಡೈತ್ರಿ? ಊಟ ಮಾಡ್ತಾಳಿಲ್ಲೋ?"

"ಮದುವಿ ಹುಡುಗಿ ಅಲ್ಲೇನವಾ, ಮೈ ಇಳಿಸಾಕತ್ತಾಳ."

"ಮೈ ಇಳಿಯೂದು ಬ್ಯಾರೆ, ರಕ್ತ ಇಳಿಯೂದು ಬ್ಯಾರೆ, ಅಕ್ಕಾ. ಒಮ್ಮೆ ದವಾಖಾನಿಗೆ ಕರಕೊಂಡು ಬರ್ರಿ. ತಪಾಸಣಿ ಪುಕ್ಕಟ ಐತಿ."

"ನಿನ್ನ ರಿಜಿಸ್ಟರ ತುಂಬಾಕ ನನ್ನ ಮಗಳ ಬೇಕಾದಳೇನ? ಹೋಗ ಹೋಗ."

ಲಗ್ನಕ್ಕೆ ಮುಂಚೆ ಉಡಿ ತುಂಬುವ ದಿನ ಬಂತು. ಕುಪ್ಪಸ ಕಚ್ಚಿ ಹಿಡಿದಂತೆ ಮೈಗೆ ಕೂತಿತು. "ಅಯ್ಯ, ಕಡ್ಡಿ ಆಗ್ಯಾಳಲ್ಲಬೇ! ಈಗ ನೋಡು ಮದುಮಗಳು" ಎಂದು ಮುತ್ತೈದೆಯರು ಹೊಗಳಿದರು. ಫಕ್ಕೀರವ್ವನ ಮುಖ ಅರಳಿತು. ಸೆರಗಿಗೆ ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಉತ್ತತ್ತಿ ಬಿತ್ತು. ಐದನೇ ಬೊಗಸೆ ಬೀಳುವಷ್ಟರಲ್ಲಿ ತನುಜಾ ಕೂತಲ್ಲೇ ವಾಲಿದಳು. ಉಡಿಯ ಅಕ್ಕಿಯೆಲ್ಲ ನೆಲಕ್ಕೆ ಚೆಲ್ಲಿತು.

ಗುಲ್ನಾಜ ಓಡಿ ಬಂದು ಹುಕ್ಕು ಬಿಚ್ಚಿದಳು. ಪಕ್ಕೆಲುಬಿನ ಮೇಲೆ ಹೊಲಿಗೆಯ ಗುರುತು, ಬರೆ ಎಳೆದಂತೆ.

"ಮುಂಜಾನೆ ಏನ್ ತಿಂದೀ, ತನು?"

"ಚಾ."

"ನಿನ್ನೆ?"

ತನುಜಾ ಅವ್ವನ ಮುಖ ನೋಡಿದಳು. ಹೆಂಗಸರೆಲ್ಲ ಅತ್ತ ನೋಡಿದರು.

ಫಕ್ಕೀರವ್ವ ಚೆಲ್ಲಿದ ಅಕ್ಕಿ ಬಳಿಯುತ್ತ ಕೂತಳು, ತಲೆ ಎತ್ತಲಿಲ್ಲ. ಶ್ರಾವಣದ ಪುರಾಣದಲ್ಲಿ ಅನ್ನವೇ ಶಿವ ಎಂದು ಕೇಳಿ ಕೈ ಮುಗಿದವಳು. ಮಗಳ ಉಡಿ ತುಂಬಿದಳು, ಹೊಟ್ಟೆ ತುಂಬಲಿಲ್ಲ.

ದವಾಖಾನೆಯಲ್ಲಿ ನೋಡಿದರೆ, ಹನ್ನೆರಡಾದರೂ ಇರಬೇಕಾದ ರಕ್ತದ ಅಂಶ ಏಳಕ್ಕೆ ಇಳಿದಿತ್ತು. ಅರೆಹೊಟ್ಟೆಗೆ ಎರಡು ತಿಂಗಳಿಂದ ಮುಟ್ಟೂ ನಿಂತಿತ್ತು. ಅದನ್ನು ತನುಜಾ ಅವ್ವನಿಗೂ ಹೇಳಿರಲಿಲ್ಲ.

"'ನಾ ಮೊದಲ ಹೇಳಿದ್ದೆ' ಅಂತ ಅಂದಬಿಡ, ಗುಲ್ನಾಜ" ಎಂದಳು ಫಕ್ಕೀರವ್ವ.

"ಅನ್ನಾಕ ಹೊತ್ತಿಲ್ಲಕ್ಕ. ಡಾಕ್ಟರ ಕೊಟ್ಟ ಗುಳಗಿ ತಪ್ಪಸಬ್ಯಾಡ್ರಿ. ಅದರ ಜೋಡಿ ಚಾ ಬ್ಯಾಡ, ನಿಂಬಿಹಣ್ಣಿನ ನೀರು ಕೊಡ್ರಿ. ರೊಟ್ಟಿ, ಬ್ಯಾಳಿ, ತಪ್ಪಲ ಪಲ್ಯ, ಶೇಂಗಾ, ಹೊತ್ತಹೊತ್ತಿಗೆ. ಮತ್ತ ಆ ಕುಪ್ಪಸ ಹೊಳ್ಳಿ ಗೂಟಕ್ಕ ಹಾಕಬ್ಯಾಡ್ರಿ, ತನು ಎಲ್ಲಾ ಹೇಳ್ಯಾಳ."

ಮನೆಗೆ ಬಂದು ಫಕ್ಕೀರವ್ವ ಕುಪ್ಪಸದ ಹೊಲಿಗೆ ಬಿಚ್ಚಲು ಕೂತಳು. ಒಳಗೆ ಎರಡಿಂಚು ಬಟ್ಟೆ ಮಡಚಿದ ಹಾಗೇ ಇತ್ತು. ಟೇಲರ್ ಕತ್ತರಿಸದೆ ಬಿಟ್ಟಿದ್ದ. ಅವನಿಗಿದ್ದ ಕರುಣೆ ಹೆತ್ತವಳಿಗೆ ಇರಲಿಲ್ಲ.

ಹಿರೇಕೆರೂರಿಗೆ ಫೋನ್ ಹಚ್ಚಿದಳು. "ಮೈ ಇಳಿಸಾಕ ಹೋಗಿ ಹುಡುಗಿ ರಕ್ತ ಇಳದೈತ್ರಿ. ಲಗ್ನ ಮುಂದ ಹಾಕೂಣ್ರಿ. ಅಕಿ ಮೊದಲ ಉಣ್ಣಲಿ. ಬಂದಷ್ಟು ಮೈ ಬರಲಿ. ಅದು ನಿಮಗ ಒಲ್ಲದಿದ್ರ ಇಲ್ಲೇ ಬಿಡೂಣು."

ಆ ಕಡೆಯಿಂದ ಬೀಗತಿ ಸಣ್ಣ ದನಿಯಲ್ಲಿ, "ನನಗೂ ನಮ್ಮತ್ತಿ ಇದನ್ನ ಅಂದಿದ್ದಳವ್ವ. ನಾನೂ ಅಂದೆ. ತಪ್ಪಾತು. ಉಣ್ಣಲಿ" ಎಂದಳು.

ಈಗ ತನುಜಾ ಉಣ್ಣುತ್ತಾಳೆ. ಆದರೂ ಎರಡನೇ ರೊಟ್ಟಿಗೆ ಚಾಚಿದ ಕೈ ಬುಟ್ಟಿಯ ಮೇಲೆ ಚಣ ನಿಲ್ಲುತ್ತದೆ, ಕಣ್ಣು ಖಾಲಿ ಗೂಟಕ್ಕೆ ಹೋಗುತ್ತದೆ. ಫಕ್ಕೀರವ್ವ ತಲೆ ತಗ್ಗಿಸಿ, ತಾನೇ ರೊಟ್ಟಿ ಮುರಿದು ತಾಟಿಗೆ ಹಾಕುತ್ತಾಳೆ.

ಅವ್ವಂದಿರೇ, ಅತ್ತೆಯಂದಿರೇ, ಹುಡುಗಿಯ ಮೈ ಅಳೆಯಬೇಡಿ. ದವಾಖಾನೆಗೆ ಕರೆದೊಯ್ದು ರಕ್ತ ತಪಾಸಣೆ ಮಾಡಿಸಿ, ಹೊಟ್ಟೆ ತುಂಬ ಉಣಿಸಿ. ಇವತ್ತು ಊಟಕ್ಕೆ ಕೂತಾಗ ಒಂದು ನೋಡಿಕೊಳ್ಳಿ: ನಿಮ್ಮ ಮಗಳು, ನಿಮ್ಮ ಸೊಸೆ, ರೊಟ್ಟಿಗೆ ಕೈ ಹಾಕುವ ಮುಂಚೆ ನಿಮ್ಮ ಮುಖ ನೋಡುತ್ತಾಳೇನು? ನೋಡಿದಳೆಂದರೆ, ನಿಮ್ಮ ಮನೆಯಲ್ಲೂ ಒಂದು ಗೂಟ ಇದೆ.