ಗಾಳಿ ಹೆಚ್ಚೈತೆ

ಡಾಕ್ಟರ್ ಪುಷ್ಪಲತಾ ಅವರ ಬಿಳಿ ಕಾರು ತೋಟದ ದಾರಿಗೆ ತಿರುಗಿದಾಗ ವಿಮಲಮ್ಮ ಸೊಸೆಗೆ ಗಂಜಿ ಕುಡಿಸುತ್ತಿದ್ದರು. ಮಧುಶ್ರೀ ಈಗ ಏನನ್ನೂ ಕೇಳುವುದಿಲ್ಲ. ಚಮಚ ತುಟಿಗೆ ತಾಗಿದರೆ ಬಾಯಿ ತೆರೆಯುತ್ತಾಳೆ, ಗಂಟಲು ಸವರಿದರೆ ನುಂಗುತ್ತಾಳೆ. ಹೆರಿಗೆಗೆಂದು ತಿಪಟೂರಿನಲ್ಲಿರುವ ಇದೇ ಡಾಕ್ಟರ ನರ್ಸಿಂಗ್ ಹೋಮಿಗೆ ನಡೆದುಕೊಂಡು ಹೋದವಳು ಹಂದನಕೆರೆಯ ಮನೆಗೆ ಮಲಗಿಕೊಂಡೇ ಬಂದಳು. ಆಗ ಹುಟ್ಟಿದ ವರ್ಷಿಣಿ ಈಗ ಅಮ್ಮನ ಮಂಚದ ಸುತ್ತ ಅಂಬೆಗಾಲಿಡುತ್ತದೆ.

ಮಾರನೆಯ ದಿನ ತುಮಕೂರಿನ ಗ್ರಾಹಕರ ಆಯೋಗದಲ್ಲಿ ವಿಮಲಮ್ಮನ ಪಾಟಿ ಸವಾಲು ಇತ್ತು. ಕೇಸು ಹಾಕಿದವನು ಮಗ ಯೋಗೀಶ್. ಡಾಕ್ಟರ ನಿರ್ಲಕ್ಷ್ಯದಿಂದಲೇ ಹೆಂಡತಿಯ ಮಿದುಳಿಗೆ ಆಮ್ಲಜನಕ ಸಿಗದೆ ಹೋಯಿತು ಎಂಬುದು ಅವನ ದೂರು. ಅದು ನಡೆದ ಸಂಜೆ ಹಾಸಿಗೆಯ ಪಕ್ಕದಲ್ಲಿದ್ದವರು ವಿಮಲಮ್ಮ ಒಬ್ಬರೇ. ಕೇಸು ನಿಲ್ಲುವುದು ಬೀಳುವುದು ಅವರ ಮಾತಿನ ಮೇಲೆ ಎಂದು ವಕೀಲ ರುದ್ರೇಶ್ ಹೇಳಿಬಿಟ್ಟಿದ್ದರು. ಆ ಮಾತು ಕೇಳಿದಾಗಿನಿಂದ ವಿಮಲಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಡಾಕ್ಟರು ಚಪ್ಪಲಿಯನ್ನು ಹೊರಗೇ ಬಿಟ್ಟು ಒಬ್ಬರೇ ಒಳಗೆ ಬಂದರು. ಯಾರೂ ಹೇಳದಿದ್ದರೂ ಮಧುಶ್ರೀಯನ್ನು ಮೆಲ್ಲಗೆ ಮಗ್ಗುಲಾಗಿಸಿ ಬೆನ್ನು ನೋಡಿದರು. ಸೆರಗಿನಿಂದ ಅವಳ ಬಾಯಂಚಿನ ಗಂಜಿ ಒರೆಸಿದರು.

"ಒಂದು ಹುಣ್ಣೂ ಇಲ್ಲ. ನನ್ನ ನರ್ಸುಗಳು ಇಷ್ಟು ಚೆನ್ನಾಗಿ ನೋಡ್ಕೊಳ್ಳಲ್ಲ ಕಣಮ್ಮ."

ಆ ಕೈಯ ಮೃದುತನದಲ್ಲಿ ನಟನೆಯಿರಲಿಲ್ಲ. ವಿಮಲಮ್ಮನಿಗೆ ಹೆದರಿಕೆಯಾದದ್ದು ಅದರಿಂದಲೇ. ಜಗಳಕ್ಕೆ ಬಂದಿದ್ದರೆ ಬಾಗಿಲು ತೋರಿಸಬಹುದಿತ್ತು.

"ಯೋಗೀಶ ಹಿತ್ಲಲ್ಲಿ ಕಾಯಿ ಸುಲೀತಾವ್ನೆ. ಕರೀಲಾ?"

"ಬೇಡ. ನಿಮ್ಮ ಹತ್ರಾನೇ ಮಾತು." ಡಾಕ್ಟರು ಮಂಚದ ತುದಿಯಲ್ಲಿ ಕೂತರು. "ಅವತ್ತು ವಾರ್ಡಲ್ಲಿದ್ದ ಆ ರಾಯಚೂರಿನ ಹುಡುಗಿ ಸಿಕ್ಕಿದಾಳೆ. ನೀವು ಅವಳಿಗೆ ಏನು ಹೇಳಿದ್ರಿ ಅಂತ ನಮ್ಮ ವಕೀಲರ ಮುಂದೆ ಹೇಳಿದಾಳೆ."

ಚಮಚ ಬಟ್ಟಲಿನಲ್ಲಿ ನಿಂತಿತು.

ಆ ಹುಡುಗಿಯನ್ನು ವಿಮಲಮ್ಮ ಮರೆತಿರಲಿಲ್ಲ. ನರ್ಸಿಂಗ್ ಹೋಮಿನ ಬೆಂಚಿನ ಮೇಲೆ ಚಳಿಗೆ ನಡುಗುತ್ತಾ ಕೂತಿದ್ದ ಅವರಿಗೆ ತನ್ನ ಶಾಲನ್ನೇ ಹೊದಿಸಿದ್ದಳು. ಬಿಸಿನೀರು ಬೇಕೇ ಎಂದು ತಾನಾಗಿ ಬಂದು ಕೇಳಿದ್ದಳು. ಆಪರೇಷನ್ ಆದ ಮೇಲೆ ಮಧುಶ್ರೀಗೆ ಉಸಿರಾಟದ ತೊಂದರೆಯಾಗಿ ಮೂಗಿಗೆ ಆಮ್ಲಜನಕ ಹಾಕಿದ್ದರು. ಸಿಲಿಂಡರಿನ ಮೇಲಿದ್ದ ಚಿಕ್ಕ ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಸಂಜೆ ಆ ಗುಳ್ಳೆ ನಿಂತಿತು. ವಿಮಲಮ್ಮ ಬಾಗಿಲಿಗೆ ಓಡಿ, ಹುಡುಗಿಯನ್ನು ಕರೆದು, "ಗಾಳಿ ಹೆಚ್ಚೈತೆ ಕಣವ್ವ, ಬೇಗ ನೋಡು" ಎಂದಿದ್ದರು.

ಬಾಣಂತಿಯ ತಲೆದೆಸೆಯಲ್ಲಿ ನಿಂತು ಮುಗಿಯಿತು, ಖಾಲಿಯಾಯಿತು ಎನ್ನುವುದುಂಟೆ? ಅವರ ಮನೆಯಲ್ಲಿ ಅಕ್ಕಿ ತೀರಿದರೂ ಅಪಶಕುನವಾಗದಿರಲೆಂದು ಹೆಚ್ಚಿತು ಎನ್ನುತ್ತಾರೆ. ಬಳೆ ಒಡೆದರೂ ಹೆಚ್ಚಿತು. ವಿಮಲಮ್ಮನ ಬಾಯಿಗೆ ಅದು ಬಿಟ್ಟು ಬೇರೆ ಮಾತು ಬರುವ ಹಾಗೇ ಇರಲಿಲ್ಲ.

ಹುಡುಗಿ ಬಂದು ತಿರುಪನ್ನು ತಿರುಗಿಸಿ, "ಈಗ ಸರಿ ಆತು ನೋಡ್ರಿ ಅಜ್ಜಿ" ಎಂದು ಹೋದಳು. ಅಂದರೆ, ಈ ಕಡೆಯ ಮಾತು ತಿಳಿಯದೆ, ಗಾಳಿ ಜಾಸ್ತಿಯಾಗಿದೆ ಎಂದುಕೊಂಡು ಕಡಿಮೆ ಮಾಡಿ ಹೋದಳು. ಸರಿಪಡಿಸಿದಳೆಂದು ನಂಬಿ ವಿಮಲಮ್ಮ ಸೊಸೆಯ ಕೈ ಹಿಡಿದು ಕೂತರು. ಉಗುರು ನೀಲಿಗಟ್ಟಿದಾಗಲೇ ಕೂಗಿಕೊಂಡದ್ದು. ಆ ಒಂದು ಮಾತು ಹೇಗೆ ಕೇಳಿಸಿರಬಹುದೆಂದು ಅವರಿಗೆ ಹೊಳೆದದ್ದು ಬಹಳ ತಡವಾಗಿ. ಮಗನಿಗೆ ಹೇಳಲು ಬಾಯಿ ಬಂದಿರಲಿಲ್ಲ.

"ನಾಳೆ ಅದೊಂದನ್ನೇ ಕೇಳ್ತಾರೆ," ಎಂದರು ಡಾಕ್ಟರು. "ಗಾಳಿ ಹೆಚ್ಚಾಗಿದೆ ಅಂತ ನೀವೇ ಕಮ್ಮಿ ಮಾಡಿಸಿದ್ರಿ ಅಂತಾರೆ. ಯೋಗೀಶನ ಎದುರಿಗೇ. ನಮ್ಮ ವಕೀಲರು ನನ್ನ ಥರ ಮೆತ್ತಗೆ ಕೇಳೋರಲ್ಲ. ಕೇಸು ವಾಪಸ್ ತಗೊಂಡ್ರೆ ಯಾರೂ ಏನೂ ಕೇಳಲ್ಲ. ಅವನಿಗೆ ಗೊತ್ತಾಗೋದೂ ಇಲ್ಲ."

"ನಾನು ಕಮ್ಮಿ ಮಾಡು ಅನ್ನಲಿಲ್ಲ ಡಾಕ್ಟರಮ್ಮ."

"ನನಗೆ ಗೊತ್ತಿಲ್ವಾ? ಮುಗಿದಿದೆ ಅಂತ ನೀವು ಹೇಳಿದ್ದು. ನಮ್ಮೂರು ಅರಳಗುಪ್ಪೇಲಿ ನಮ್ಮಮ್ಮನೂ ಹಂಗೇ ಅಂತಿದ್ರು. ನನಗೆ ಅರ್ಥ ಆಗುತ್ತೆ. ಆಯೋಗದಲ್ಲಿ ಕೂತೋರಿಗೆ ಆಗಬೇಕಲ್ಲ."

ವಿಮಲಮ್ಮ ಬಟ್ಟಲನ್ನು ಕೆಳಗಿಟ್ಟರು.

"ನಿಮಗೆ ಅರ್ಥ ಆಯ್ತದೆ."

"ಆಗುತ್ತೆ."

"ಹಂಗಾದ್ರೆ ಅವತ್ತು ಅದು ನಿಮ್ಮ ಕಿವಿಗೆ ಬೀಳಬೇಕಿತ್ತು. ಡಾಕ್ಟ್ರು ಮೇಲಿನ ಮಾಡೀಲಿ ಅವ್ರೆ ಅಂದ್ರು. ನಾನು ಹತ್ತಿ ಹೋಗಿ ನೋಡಿದೆ. ಬೀಗ ಹಾಕಿತ್ತು. ಎಲ್ಲಿದ್ರಿ?"

ಡಾಕ್ಟರು ಮಧುಶ್ರೀಯ ಹೊದಿಕೆಯ ಮಡಿಕೆ ಸರಿಮಾಡಿದರು.

"ತುರುವೇಕೆರೆಯ ಕ್ಲಿನಿಕ್ಕಿಗೆ ಹೋಗಿದ್ದೆ."

"ಆ ಹುಡುಗಿ ನರ್ಸ್ ಓದು ಓದಿದ್ಲಾ?"

ಡಾಕ್ಟರು ಆ ಪ್ರಶ್ನೆಯನ್ನು ದಾಟಿಸಿ ಬೇರೆ ಮಾತು ತೆಗೆದರು. ದನಿ ಮೊದಲಿನಷ್ಟೇ ಮೃದುವಾಗಿತ್ತು. "ಇದನ್ನೆಲ್ಲ ಅಲ್ಲಿ ಹೇಳಿ, ಬೇಡ ಅನ್ನಲ್ಲ. ಆದ್ರೆ ಯೋಗೀಶನ ಕಿವಿಗೆ ಮೊದಲು ಬೀಳೋದು ಹೆಚ್ಚೈತೆ ಅನ್ನೋ ನಿಮ್ಮ ಮಾತೇ. ಆಮೇಲೆ ಈ ಮನೇಲಿ ಅವನು ನಿಮ್ಮ ಕೈಯ ಗಂಜೀನ ಹೆಂಡ್ತಿಗೆ ಕುಡಿಸೋಕೆ ಬಿಡ್ತಾನಾ? ಯೋಚನೆ ಮಾಡಿ."

ಹಿತ್ತಲಲ್ಲಿ ಸಿಪ್ಪೆ ಸೀಳುವ ಸದ್ದು ನಿಂತು ಎಷ್ಟು ಹೊತ್ತಾಗಿತ್ತೋ. ಯೋಗೀಶ್ ಹಿಂಬಾಗಿಲಲ್ಲಿ ನಿಂತಿದ್ದ. ತೋಳಿನ ತುಂಬ ನಾರು ಅಂಟಿತ್ತು.

"ಇವರ್ಯಾಕೆ ಬಂದವ್ರೆ? ಯಾವ ಮಾತು?"

ಡಾಕ್ಟರು ವಿಮಲಮ್ಮನನ್ನೇ ನೋಡುತ್ತಿದ್ದರು. ಏನೂ ಇಲ್ಲ ಬುಡಪ್ಪ ಎನ್ನಲು ಇನ್ನೂ ಅವಕಾಶವಿತ್ತು. ಹಾಗೆಂದು ಕೇಸು ವಾಪಸ್ ತೆಗೆಸಿದರೆ ನಾಳೆ ತುಮಕೂರಿಗೆ ಹೋಗುವ ಕೆಲಸವೇ ಇರುವುದಿಲ್ಲ.

"ಕೂತ್ಕೊ ಬಾಪ್ಪ," ಎಂದರು ವಿಮಲಮ್ಮ. "ಗಾಳಿ ನಿಂತಾಗ ನಾನು ಆ ಹುಡುಗಿಗೆ ಹೆಚ್ಚೈತೆ ಅಂದೆ. ಅವಳು ಇನ್ನೂ ಕಮ್ಮಿ ಮಾಡಿ ಹೋದ್ಲು. ಡಾಕ್ಟರಮ್ಮ ತುರುವೇಕೆರೇಲಿದ್ರಂತೆ. ಈಗ ಅವರೇ ಹೇಳಿದ್ರು. ನಾಳೆ ಎರಡನ್ನೂ ಹೇಳ್ತೀನಿ. ನೀನು ಇಲ್ಲೇ ಕೇಳಿಸ್ಕೊಂಡಿರು."

ಯೋಗೀಶ್ ಕೂರಲಿಲ್ಲ. ಡಾಕ್ಟರು ಎದ್ದು, ಯಾರಿಗೂ ಹೇಳದೆ ಹೊರಗೆ ನಡೆದರು. ಕಾರು ಹೊರಟ ಸದ್ದು ತೋಟ ದಾಟುವವರೆಗೂ ಅವನು ತಾಯಿಯನ್ನು ನೋಡುತ್ತಾ ನಿಂತಿದ್ದ, ಯಾರನ್ನೋ ಗುರುತು ಹಿಡಿಯುವವನ ಹಾಗೆ. ಆಮೇಲೆ ಬಾಗಿ ಗಂಜಿಯ ಬಟ್ಟಲನ್ನು ಎತ್ತಿಕೊಂಡ. ಹೆಂಡತಿಯ ತಲೆಯ ಕೆಳಗೆ ಕೈ ಕೊಟ್ಟು ತಾನೇ ಕುಡಿಸಲು ಕೂತ.

"ಬೆಳಿಗ್ಗೆ ಮೊದಲನೇ ಬಸ್ಸಿಗೆ ಹೊರಡಬೇಕು," ಎಂದ. "ಆ ಡಾಕ್ಟರಮ್ಮನ್ನ ಬುಡಬಾರದು."

ಎಂದಿನಂತೆ ಅವ್ವ ಎಂದು ಸೇರಿಸಲಿಲ್ಲ.