ಕಪ್ತಾನ ಮನೆಗೆ ಬರುತ್ತಾನಾ

ಬಿಳಿ ಟೋಪಿ ತೊಟ್ಟ ಕಪ್ತಾನ ಹಡಗಿನ ಅಂಚಿನಲ್ಲಿ ನಿಂತು ದಡದತ್ತ ಕೈಬೀಸುತ್ತಿದ್ದ. ಆ ಜಪಾನಿ ಕಾರ್ಟೂನಿನ ಪ್ರತಿ ಕಂತೂ ಹಾಗೆಯೇ ಶುರುವಾಗುತ್ತಿತ್ತು. ಬಹಳ ಹಳೆಯದು, ಬಣ್ಣ ಮಾಸಿತ್ತು. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಅದನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ಹನ್ನೆರಡು ವರ್ಷದ ನನ್ನದು. ಕೇಳುವವಳು ಅಪ್ಪನ ತಂಗಿ ಯಮುನತ್ತೆ.

ಅವಳ ಗಂಡ ಆಳಸಮುದ್ರಕ್ಕೆ ಮೀನಿಗೆ ಹೋದವರು ನಾಲ್ಕು ವರ್ಷವಾದರೂ ಮರಳಿರಲಿಲ್ಲ. ಅವಳು ಒಮ್ಮೆಯೂ ಅತ್ತಿರಲಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆಂದು ನಂಬಿದವಳು. ಯಾವಾಗಲೂ ‘ಅವರು’ ಎಂದೇ ಅನ್ನುತ್ತಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ಅವಳ ಮರುಮದುವೆಗೆ ದೂರದ ಊರಿನ ಮಾಸ್ತರರೊಬ್ಬರ ಸಂಬಂಧ ಬಂದಾಗ ಅಜ್ಜಿಗೆ ಹೇಳಿದಳು:

“ಕಪ್ತಾನ ಮನೆಗೆ ಬರ್ತಾನಾ ಇಲ್ವಾ ನೋಡ್ತೇನೆ. ಬಂದ್ರೆ ನಾನೂ ಕಾಯ್ತೇನೆ. ಬಾರದಿದ್ರೆ ನೀನು ಹೇಳಿದಲ್ಲಿಗೆ ಹೋಗ್ತೇನೆ.”

“ಎಲ್ಲರೂ ದೇವರ ಹತ್ರ ಹೂಪ್ರಸಾದ ಕೇಳಿದ್ರೆ, ಇವಳು ಕಾರ್ಟೂನಿನ ಹತ್ರ ಕೇಳ್ತಾಳೆ!” ಅಜ್ಜಿ ಹಣೆ ಚಚ್ಚಿಕೊಂಡಳು. ನನಗೆ ನಗು ಬರಲಿಲ್ಲ. ಅತ್ತೆ ಹೋದರೆ ನನಗೆ ಯಾರಿದ್ದಾರೆಂಬ ಹೆದರಿಕೆ.

ಕಡೆಯ ಕಂತಿನ ಭಾನುವಾರದ ಬೆಳಿಗ್ಗೆ ಬಂತು. ಸಂಜೆ ನಾಲ್ಕಕ್ಕೆ ಮಾಸ್ತರರ ಕಡೆಯವರು ಬರುವವರಿದ್ದರು. ಅಂಥ ಕಾರ್ಟೂನು ಮಾಡಿದವರಿಗೆ ಮಕ್ಕಳ ಮೇಲೆ ಎಳ್ಳಷ್ಟೂ ಕರುಣೆಯಿರಲಿಲ್ಲವೆಂದು ನನಗೆ ಈಗಲೂ ಸಿಟ್ಟು. ಬಿರುಗಾಳಿ ಎದ್ದಿತು, ಹಡಗು ಮಗುಚಿತು, ಬಿಳಿ ಟೋಪಿಯೊಂದೇ ತೆರೆಗಳ ಮೇಲೆ ತೇಲಿತು. ದಡದಲ್ಲಿ ಅವನ ಹೆಂಡತಿ ಕುಸಿದು ಕೂತಳು. ‘ಅವನಿನ್ನು ಬರುವುದಿಲ್ಲ’ ಎಂದು ಕೆಳಗೆ ಬರೆದಿತ್ತು.

“ಎಂತ ಬರ್ದಿದೆ?”

“ಈಜಿಕೊಂಡು ಬೇರೆ ದಡಕ್ಕೆ ಹೋದನಂತೆ. ನಾಳೆ ಮನೆಗೆ ಬರ್ತಾನಂತೆ.” ಅವಳತ್ತ ತಿರುಗದೆ ಹೇಳಿದೆ.

“ಮತ್ತೆ ಅವಳ್ಯಾಕೆ ಅಳೋದು?”

“ಖುಷಿಗೆ.”

ಅತ್ತೆ ನನ್ನ ಗಲ್ಲ ಹಿಡಿದು ತನ್ನತ್ತ ತಿರುಗಿಸಿದಳು. “ಅಕ್ಷರ ಬಾರದಿದ್ರೂ ಚಿತ್ರ ಕಾಣ್ತದಲ್ಲ ನನಗೆ. ಊರವರೂ ಹೀಗೇ ನಾಳೆ ಬರ್ತಾರೆ, ನಾಡಿದ್ದು ಬರ್ತಾರೆ ಅಂದ್ರು. ಈಗ ನೀನೂ ಹೇಳ್ತೀಯಾ?”

“ನೀನು ಹೋಗ್ಬೇಡ ಅತ್ತೆ,” ಎಂದುಬಿಟ್ಟೆ.

ಅವಳ ಕೈ ಸಡಿಲವಾಯಿತು. ಮೆಲ್ಲಗೆ ಕೇಳಿದಳು:

“ಪುರಂದರ ಬರುದಿಲ್ಲ, ಅಲ್ವಾ?”

ಅವಳ ಬಾಯಲ್ಲಿ ಆ ಹೆಸರು ಕೇಳಿದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಲ್ಲೇ ನಿಂತಳು. ಇನ್ನೊಂದು ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವಳು ನನಗಾಗಿ ನಂಬಿಬಿಡುತ್ತಿದ್ದಳೇನೋ.

“ಇಲ್ಲ ಅತ್ತೆ.”

ಆಗ ಅವಳು ಅತ್ತಳು. ನಾಲ್ಕು ವರ್ಷದ್ದನ್ನೆಲ್ಲ, ನೆರೆಮನೆಗೆ ಕೇಳುವಂತೆ ಅತ್ತಳು. ಮಧ್ಯಾಹ್ನ ಎದ್ದು ಮುಖ ತೊಳೆದು, ಬರುವವರಿಗೆಂದು ಮೊರದಲ್ಲಿ ಅವಲಕ್ಕಿ ಸುರಿದುಕೊಂಡು ಕೂತಳು. ನಾನೂ ಎದುರು ಕೂತು ಅವಳ ಜೊತೆ ಕಲ್ಲು ಹೆಕ್ಕಿದೆ.