ಮೂಕ ಗಾಡಿಯ ನೀರು

ದಿಬ್ಬೂರಹಳ್ಳಿಯ ಗಂಗುಲಪ್ಪ ಬಾವಿಕಟ್ಟೆಯಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಹೆಂಡತಿ ಅಶ್ವತ್ಥಮ್ಮನ ಹೆಗಲೇ ಅವನಿಗೆ ಊರುಗೋಲಾಗಿತ್ತು. ಬೆಳಗಾದರೆ ಅವಳ ಹೆಗಲ ಮೇಲೆ ಕೈಯಿಟ್ಟು ಹಿಪ್ಪುನೇರಳೆ ತೋಟಕ್ಕೆ ಹೊರಡುತ್ತಿದ್ದ. ಮನೆಯೊಳಗೆ ಉಪ್ಪು ಕಮ್ಮಿ, ಖಾರ ಜಾಸ್ತಿ ಅನ್ನುವುದರಾಚೆ ಬಾಯಿಬಿಡದ ಮನುಷ್ಯ, ಬದುವಿನ ಮೇಲೆ ಕಾಲಿಟ್ಟ ಕೂಡಲೇ ಮಾತುಗಾರನಾಗುತ್ತಿದ್ದ. ಮಕ್ಕಳಿಲ್ಲದ, ತವರಿನ ಕಡೆ ಯಾರೂ ಉಳಿಯದ ಅಶ್ವತ್ಥಮ್ಮನಿಗೆ ಆ ನಡಿಗೆಯೇ ಸಂಸಾರವಾಗಿತ್ತು. ಹೆಗಲು ನೋಯುತ್ತಿತ್ತು; ನೋಯುತ್ತದೆಂದು ಅವಳು ಯಾವತ್ತೂ ಹೇಳಿದವಳಲ್ಲ.

ಸಾವಿರದ ಒಂಬೈನೂರ ಅರವತ್ತೈದರ ಯುಗಾದಿಯ ಹೊತ್ತಿಗೆ ಗಾಡಿ ಬಂತು. ಗಂಗುಲಪ್ಪನ ತಮ್ಮ ನಲ್ಲಪ್ಪ ಗೌರಿಬಿದನೂರಿನಲ್ಲಿ ಸರ್ಕಾರಿ ನೌಕರ, ಭಾನುವಾರಕ್ಕೊಮ್ಮೆ ಊರಿಗೆ ಬರುವವನು. ಬೆಂಗಳೂರಿನಲ್ಲಿ ಗಾಲ್ಫ್ ಆಡಿಕೊಂಡಿದ್ದ ಪರದೇಶದ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಮಾರಿದ, ಗಾಲ್ಫ್ ಮೈದಾನದಲ್ಲಿ ಓಡಾಡುವ ಗಾಡಿಯನ್ನು ಅಣ್ಣನಿಗೆಂದು ಲಾರಿಯಲ್ಲಿ ಹಾಕಿಸಿ ತಂದಿದ್ದ. ಮೂರು ಚಕ್ರ, ಇಬ್ಬರು ಕೂರುವ ಸೀಟು, ಸೀಟಿನ ಕೆಳಗೆ ಸಾಲಾಗಿ ಬ್ಯಾಟರಿಗಳು. ಸಂಜೆ ಕರೆಂಟಿಗೆ ಹಚ್ಚಿಟ್ಟರೆ ಮಾರನೇ ದಿನವೆಲ್ಲ ಸದ್ದಿಲ್ಲದೆ ಓಡುತ್ತಿತ್ತು. ಊರಿನವರು ಅದಕ್ಕೆ ಮೂಕ ಗಾಡಿ ಎಂದು ಹೆಸರಿಟ್ಟರು.

ಗಾಡಿ ನಡೆಸುವುದನ್ನು ಮೊದಲು ಕಲಿತವಳು ಊರಿನ ಮನೆಯಲ್ಲೇ ಇದ್ದ ನಲ್ಲಪ್ಪನ ಹೆಂಡತಿ ಶ್ಯಾಮಲಮ್ಮ. ಚಿಂತಾಮಣಿಯಲ್ಲಿ ಹೈಸ್ಕೂಲು ಓದಿದವಳು. ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಅಕ್ಷರ ಕೂಡಿಸಿಕೊಂಡು ಓದಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್, ಅಂದರೆ ಬಟ್ಟಿ ಇಳಿಸಿದ ನೀರು, ಬಿಟ್ಟು ಬೇರೆ ನೀರು ಹಾಕಬಾರದೆಂದು ಭಾವನಿಗೆ ವಿವರಿಸಿದಳು. ಚಿಕ್ಕಬಳ್ಳಾಪುರದಿಂದ ಆ ನೀರಿನ ಗಾಜಿನ ಜಾಡಿ ಬಂತು. ವಾರಕ್ಕೊಮ್ಮೆ ಅವಳೇ ಹಾಕುತ್ತಿದ್ದಳು. ಬೆಳಿಗ್ಗೆ ಭಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಟ ಸುತ್ತಿಸುವವಳೂ ಅವಳೇ ಆದಳು.

ಅಶ್ವತ್ಥಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಅವರಿಬ್ಬರ ನಡುವೆ ಕೆಟ್ಟದ್ದೇನೂ ಇಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇದ್ದಿದ್ದರೆ ಬೈದು ಬೀದಿಗೆ ಎಳೆಯಬಹುದಿತ್ತು. ಇಲ್ಲದ್ದಕ್ಕೆ ಏನು ಮಾಡುವುದು? ಗಂಡ ನಗುವುದು ದೂರದಿಂದ ಕೇಳುತ್ತಿತ್ತು. ಎಲೆಯ ರೋಗ, ಹುಳುವಿನ ತಳಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ತನ್ನ ಹೆಗಲ ಮೇಲೆ ಕೈಯಿಟ್ಟು ಆಡುತ್ತಿದ್ದ ಮಾತುಗಳನ್ನೆಲ್ಲ ಅವನು ಈಗ ಆ ಸೀಟಿನ ಮೇಲೆ ಆಡಿ ಮುಗಿಸಿ, ಬರಿದಾಗಿ ಮನೆಗೆ ಬರುತ್ತಿದ್ದ. ಅವಳ ಹೆಗಲ ನೋವು ವಾಸಿಯಾಯಿತು. ಅದೂ ಅವಳಿಗೆ ಅವಮಾನವೆನಿಸಿತು.

ಒಂದು ದಿನ ತೋಟದಿಂದ ಬಂದವನೇ ಗಂಗುಲಪ್ಪ, ಇಷ್ಟು ವರ್ಷ ನಿನ್ನನ್ನು ಹಿಡಿದುಕೊಂಡು ಕುಂಟಿದ್ದು ಸಾಕಾಗಿತ್ತು, ಈಗ ಮನುಷ್ಯನಾದೆ ಎಂದ. ಹೆಂಡತಿಗೆ ಬಿಡುವು ಸಿಕ್ಕಿತೆಂಬ ಖುಷಿಯಲ್ಲೇ ಅಂದಿದ್ದ. ಅವಳ ಎದೆಗೆ ಮಾತ್ರ ಅದು ಕೊಳ್ಳಿಯ ಹಾಗೆ ತಾಗಿತು. ಅಂದು ಮಧ್ಯಾಹ್ನ ಎಲ್ಲರೂ ಹುಳುವಿಗೆ ಸೊಪ್ಪು ಹಾಕಲು ಹೋಗಿದ್ದಾಗ ಜಾಡಿಯ ನೀರನ್ನು ಕರಿಬೇವಿನ ಬುಡಕ್ಕೆ ಸುರಿದು, ಬಾವಿಯ ನೀರು ತುಂಬಿ, ಇದ್ದಲ್ಲೇ ಇಟ್ಟಳು. ಕುದಿಸಿದರೆ ಪಾತ್ರೆಗೆ ಸುಣ್ಣದಂತೆ ಕಟ್ಟುವ ಗಡುಸು ನೀರು ಅದು. ಆಮೇಲೆ ಜಾಡಿ ಹೊಸದಾಗಿ ಬಂದಾಗಲೆಲ್ಲ ಹಾಗೆಯೇ ಮಾಡಿದಳು.

ಶ್ರಾವಣ ಕಳೆಯುವಷ್ಟರಲ್ಲಿ ಗಾಡಿ ಸೋಲತೊಡಗಿತು. ಸಂಜೆ ತುಂಬಿದ ಚಾರ್ಜು ಬೆಳಿಗ್ಗೆಗೆ ನಿಲ್ಲುತ್ತಿರಲಿಲ್ಲ. ಬದುವಿನ ತಿರುವಿನಲ್ಲಿ ನಿಂತುಹೋದರೆ ಎತ್ತು ಕಟ್ಟಿ ಎಳೆಸಬೇಕಾಗುತ್ತಿತ್ತು. ಎತ್ತಿನ ಹಿಂದೆ ಗಂಡನೂ ಓರಗಿತ್ತಿಯೂ ಕೂತು ಬರುವುದನ್ನು ನೋಡಿದ ದಿನ ಅಶ್ವತ್ಥಮ್ಮ ಎರಡು ತುತ್ತು ಹೆಚ್ಚು ಉಂಡಳು.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಅಂಗಡಿ ಇಟ್ಟಿದ್ದ ಅಸ್ಗರ್‌ನನ್ನು ಕರೆಸಿದರು. ಬಸ್ಸಿನ ಬ್ಯಾಟರಿ ಬಲ್ಲವನಾದರೂ ಇಂಥ ಗಾಡಿ ಅವನಿಗೂ ಹೊಸತು. ಮೊದಲು ಚಾರ್ಜು ಮಾಡುವ ಪೆಟ್ಟಿಗೆ ಕೆಟ್ಟಿದೆ ಎಂದ. ಬಿಚ್ಚಿ ನೋಡಿದರೆ ಸರಿಯಾಗಿತ್ತು. ಬ್ರೇಕು ಕಚ್ಚಿಕೊಂಡು ಶಕ್ತಿ ತಿನ್ನುತ್ತಿರಬಹುದೆಂದು ಚಕ್ರ ಎತ್ತಿ ತಿರುಗಿಸಿದ, ಹಗುರವಾಗಿ ತಿರುಗಿತು. ತಂತಿಯ ತುದಿಗಳ ಹಸಿರು ಕಿಲುಬನ್ನು ಬಿಸಿನೀರಿನಲ್ಲಿ ತೊಳೆದು ಬಿಗಿದ. ಏನೂ ಫಲವಾಗಲಿಲ್ಲ. ಕೊನೆಗೆ ಬ್ಯಾಟರಿಗಳನ್ನೆಲ್ಲ ಬಿಡಿಸಿ, ಪೂರಾ ಚಾರ್ಜು ಮಾಡಿ, ಯಾವ ತಂತಿಯೂ ತಾಗದಂತೆ ಜಗಲಿಯ ಹಲಗೆಯ ಮೇಲೆ ಇಟ್ಟು, ಬೆಳಿಗ್ಗೆ ಬರುವುದಾಗಿ ಹೇಳಿ ಹೋದ.

ಬೆಳಿಗ್ಗೆ ಬಂದು ಗಾಜಿನ ಕೊಳವೆಯಿಂದ ಆಸಿಡ್ ಹೀರಿ ನೋಡಿದ. ಚಾರ್ಜು ಇದ್ದರೆ ತೇಲಬೇಕಾಗಿದ್ದ ಒಳಗಿನ ಗಾಜಿನ ಬುರುಡೆ ತಳಕ್ಕೆ ಕೂತಿತ್ತು. ಗಾಡಿಯ ದೋಷವಲ್ಲ, ಯಾರೂ ಮುಟ್ಟದೆ ಕೂತಲ್ಲೇ ಶಕ್ತಿ ಸೋರಿದೆ ಎಂದ. ಆಮೇಲೆ ಜಾಡಿಯನ್ನು ತರಿಸಿ, ಒಲೆಯ ಮೇಲಿನ ಹಂಚಿಗೆ ಅದರ ನೀರು ತೊಟ್ಟಿಕ್ಕಿಸಿದ. ನೀರು ಆರಿದ ಜಾಗದಲ್ಲಿ ಬಿಳಿ ಕಲೆ ಉಳಿಯಿತು.

"ಇದು ಬಾವಿ ನೀರು, ಗೌಡ್ರೇ. ಬ್ಯಾಟರಿಗೆ ಇದು ವಿಷ."

ಜಾಡಿ ಶ್ಯಾಮಲಮ್ಮನ ವಶದ್ದು. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಹಂಚನ್ನು ನೋಡಿದಳು, ಅಶ್ವತ್ಥಮ್ಮನನ್ನು ಒಮ್ಮೆ ನೋಡಿದಳು, ಜಾಡಿಗೆ ಮುಚ್ಚಳ ಹಾಕಿದಳು.

"ಓದಿದೋಳು ಅಂತ ನಂಬಿದ್ನಲ್ಲಮ್ಮ," ಎಂದ ಗಂಗುಲಪ್ಪ.

ಅಷ್ಟೇ ಮಾತು. ಮಧ್ಯಾಹ್ನದ ಬಸ್ಸಿಗೆ ಶ್ಯಾಮಲಮ್ಮ ತವರಿಗೆ ಹೊರಟುಹೋದಳು. ಅಶ್ವತ್ಥಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಬೇಕೆಂದದ್ದು ಕೈಗೆ ಬಂದಿತ್ತು.

ಮಾರನೇ ದಿನ ಬೆಳಿಗ್ಗೆ ಗಂಡನ ಕೈ ಮತ್ತೆ ಅವಳ ಹೆಗಲ ಮೇಲಿತ್ತು. ಅವಳು ಹೆಜ್ಜೆ ಸಣ್ಣದು ಮಾಡಿ, ಅವನು ಬಾಯಿಬಿಡಲೆಂದು ಕಾದಳು. ಹೊಂಗೆಮರದವರೆಗೂ ಅವನು ಮಾತಾಡಲಿಲ್ಲ. ಅಲ್ಲಿ ಹಿಪ್ಪುನೇರಳೆಯ ಒಂದು ಮುದುಡಿದ ಎಲೆ ಕಿತ್ತು, ತಿರುಗಿಸಿ ನೋಡಿ, "ಶ್ಯಾಮಲ ಇದ್ದಿದ್ರೆ ಇದು ಯಾವ ರೋಗ ಅಂತ ಹೇಳ್ತಿದ್ಲು" ಎಂದ.

ಅಶ್ವತ್ಥಮ್ಮನ ಮೈ ಉರಿದುಹೋಯಿತು. ಶ್ಯಾಮಲಮ್ಮ ಊರಿನಲ್ಲಿಲ್ಲ, ಆದರೂ ಇಬ್ಬರ ನಡುವೆ ನಡೆದು ಬರುತ್ತಿದ್ದಾಳೆ. ಪಶ್ಚಾತ್ತಾಪದಿಂದಲ್ಲ, ಆ ಉರಿಯಿಂದಲೇ ಮಾತು ಹೊರಬಿತ್ತು.

"ಅವಳದೇನೂ ತಪ್ಪಿಲ್ಲ. ನೀರು ಬದಲಾಯಿಸಿದ್ದು ನಾನು."

ಗಂಗುಲಪ್ಪ ಕೈ ತೆಗೆದ. ಹೊಂಗೆಯ ಕಾಂಡ ಹಿಡಿದುಕೊಂಡ. ಯಾಕೆಂದು ಕೇಳುತ್ತಾನೆ, ಕೇಳಿದರೆ ಎಲ್ಲ ಹೇಳಿಬಿಡಬೇಕು ಅಂದುಕೊಂಡಳು. ಅವನು ಕೇಳಲಿಲ್ಲ. ನೀನೇ ಹೋಗಿ ಕರೆದುಕೊಂಡು ಬಾ ಎಂದಷ್ಟೇ ಹೇಳಿ, ಬೇಲಿಯ ಗೂಟ ಕಿತ್ತು ಊರಿಕೊಂಡು ಒಬ್ಬನೇ ಮನೆಯ ಕಡೆ ಕುಂಟಿದ.

ಚಿಂತಾಮಣಿಯಲ್ಲಿ ಶ್ಯಾಮಲಮ್ಮ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಅಶ್ವತ್ಥಮ್ಮ ನಿಂತುಕೊಂಡೇ ಇದ್ದದ್ದನ್ನು ಹೇಳಿದಳು. ಶ್ಯಾಮಲಮ್ಮ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಹಂಚು ನೋಡಿದಾಗಲೇ ಗೊತ್ತಾಯ್ತು ಅಕ್ಕ. ಜಾಡಿ ಇಟ್ಟಿದ್ದ ರೂಮಿಗೆ ನಾವಿಬ್ಬರೇ ತಾನೇ ಹೋಗೋದು."

"ಹೇಳಬೋದಾಗಿತ್ತಲ್ಲ ಮತ್ತೆ?"

"ನನಗೆ ಹೋಗಾಕೆ ತವರೈತೆ. ನೀವೆಲ್ಲಿಗೆ ಹೋಗ್ತಿದ್ರಿ?"

ಅಶ್ವತ್ಥಮ್ಮ ಕಡಲೆಕಾಯಿಯ ರಾಶಿಯ ಪಕ್ಕ ಕೂತಳು. ಶ್ಯಾಮಲಮ್ಮ ಬೈದಿದ್ದರೆ ಹಗುರಾಗುತ್ತಿತ್ತು. ಓದು, ಗಾಡಿ, ಗಂಡನ ಮಾತು, ಅದೆಲ್ಲ ಅತ್ತಲಾಗಿರಲಿ, ದೊಡ್ಡತನದಲ್ಲೂ ಇವಳೇ ಮುಂದೆ. ತಪ್ಪೊಪ್ಪಿಕೊಳ್ಳಲು ಬಂದ ಜಾಗದಲ್ಲೂ ತನಗೆ ಹೊಟ್ಟೆಕಿಚ್ಚೇ ಆಯಿತಲ್ಲ ಎಂದು ಅಳು ಬಂತು. ಶ್ಯಾಮಲಮ್ಮ ಅದನ್ನು ಪಶ್ಚಾತ್ತಾಪವೆಂದುಕೊಂಡು ಬೆನ್ನು ಸವರಿದಳು. ಸವರಿಸಿಕೊಳ್ಳದೆ ಬೇರೆ ದಾರಿಯಿರಲಿಲ್ಲ.

ಅಸ್ಗರ್ ಎರಡು ಬ್ಯಾಟರಿಗಳನ್ನು ಎಸೆದು ಬೇರೆ ಹಾಕಿದ. ಉಳಿದವನ್ನು ತೊಳೆದು ಹೊಸ ಆಸಿಡ್ ತುಂಬಿದ. ಗಾಡಿ ಓಡಿತು. ಊರಿಗೆ ಮರಳಿದ ಶ್ಯಾಮಲಮ್ಮ ಈ ಸಲ ತಾನು ಕೂರಲೊಲ್ಲೆನೆಂದು ಹಟ ಹಿಡಿದು ಅಕ್ಕನಿಗೆ ನಡೆಸುವುದನ್ನು ಕಲಿಸಿದಳು. ಅಶ್ವತ್ಥಮ್ಮ ಒಮ್ಮೆ ಕಾಲುವೆಗೆ ಇಳಿಸಿದಳು, ಒಮ್ಮೆ ಹಿತ್ತಲ ಗೋಡೆಗೆ ಗುದ್ದಿದಳು. ಪಕ್ಕದಲ್ಲಿ ಕೂತ ಗಂಗುಲಪ್ಪ ಸೀಟಿನ ಅಂಚು ಹಿಡಿದುಕೊಂಡಿದ್ದ. ಬಹಳ ದಿನಗಳ ಮೇಲೆ ಅವನಾಡಿದ ಮೊದಲ ಮಾತು, "ಎಡಕ್ಕೆ ತಿರುಗಿಸು, ಹಳ್ಳ ಐತೆ." ಅವಳು ತಿರುಗಿಸಿದಳು. ಮುಂದಿನ ವಾರ ಸೊಪ್ಪಿನ ಬಗ್ಗೆ ಒಂದು ಮಾತು ಬಂತು. ಆಮೇಲೆ ಇನ್ನೊಂದು.

ಕಾರ್ತಿಕದ ಒಂದು ಬೆಳಿಗ್ಗೆ ತೋಟದ ತುದಿಯಲ್ಲಿ ಶ್ಯಾಮಲಮ್ಮ ಎಲೆಯೊಂದನ್ನು ಹಿಡಿದು ನಿಂತಿದ್ದಳು. ಅವಳನ್ನು ಕಂಡ ಕೂಡಲೇ ಗಂಗುಲಪ್ಪ ಸೀಟಿನ ಮೇಲೆ ಮುಂದಕ್ಕೆ ಬಾಗಿದ, ಮುಖ ಅರಳಿತು. ಅಶ್ವತ್ಥಮ್ಮ ನೋಡಿದಳು. ಹೊಟ್ಟೆಯಲ್ಲಿ ಅದೇ ಹಳೇ ಬೆಂಕಿ, ಒಂದಿಷ್ಟೂ ತಗ್ಗಿರಲಿಲ್ಲ. ಹಾಗೇ ಮುಂದಕ್ಕೆ ಬಿಟ್ಟುಕೊಂಡು ಹೋಗಿಬಿಡಬಹುದಾಗಿತ್ತು. ಅವಳು ಓರಗಿತ್ತಿಯ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿದಳು.